ಹೆಸರು ಮುಚ್ಚಿ ಓದಿದ ಮಾತುಗಳು

ಗುಂಪೊಂದನ್ನು ನಡೆಸುವ ಹೊಣೆ ಹೊತ್ತು ನಿದ್ದೆಗೆಟ್ಟವರು ಈಚಿನ ವರ್ಷಗಳಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ಹಾಸ್ಟೆಲ್‌ನ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಬಂದಿದ್ದಾರೆ, ಕ್ರಿಕೆಟ್ ತಂಡದ ಗುಂಪು ನೋಡಿಕೊಳ್ಳುವವರು ಬಂದಿದ್ದಾರೆ, ಮೊಬೈಲ್ ಆಟದ ಬಳಗಗಳಲ್ಲಿ ಶಿಸ್ತು ನೋಡಿಕೊಳ್ಳುವ ಮಾಡರೇಟರ್‌ಗಳು ಬಂದಿದ್ದಾರೆ. ಎಲ್ಲರ ಅಳಲೂ ಒಂದೇ: "ನಾನು ನ್ಯಾಯವಾಗಿಯೇ ನಡೆದುಕೊಂಡೆ, ಆದರೂ ಪಕ್ಷಪಾತಿ ಎನ್ನುತ್ತಾರೆ." ಅವುಗಳಲ್ಲಿ ಒಂದು ಪ್ರಕರಣವನ್ನು, ಸಂಬಂಧಪಟ್ಟವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವನು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಲೆಕ್ಕ ಬರೆಯುವ ಇಪ್ಪತ್ತನಾಲ್ಕರ ಯುವಕ. ರಾತ್ರಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಮೊಬೈಲ್ ಆಟ ಆಡುವ ಬಳಗವೊಂದರ ಡಿಸ್ಕಾರ್ಡ್ ಸರ್ವರ್‌ಗೆ, ಅಂದರೆ ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನಲ್ಲಿ ಬಳಗ ಸೇರುವ ಜಾಗಕ್ಕೆ, ಅವನೇ ಹಿರಿಯ ಮಾಡರೇಟರ್. ಸಿರುಗುಪ್ಪ, ಸಿಂಧನೂರು, ಮಾನ್ವಿ, ಗಂಗಾವತಿಯ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದರು ಮತ್ತು ಅವನನ್ನು ಅಣ್ಣ ಎಂದು ಕರೆಯುತ್ತಿದ್ದರು. 2021ರ ಜುಲೈನಲ್ಲಿ ಆಟ ಬಿಡುಗಡೆಯಾದಾಗ ಕಟ್ಟಿದ ಬಳಗ ಅದು. 2022ರ ಜುಲೈನಲ್ಲಿ ಆಟವನ್ನು ಆ್ಯಪ್ ಸ್ಟೋರ್‌ಗಳಿಂದ ತೆಗೆದುಹಾಕಿದ ಮೇಲೆ, 2023ರ ಮೇ ತಿಂಗಳಲ್ಲಿ ಅದು ಮರಳುವವರೆಗೂ, ಬಳಗ ಹೆಚ್ಚಾಗಿ ಮಾತುಕತೆಯ ಬಲದಿಂದಲೇ ಉಳಿದುಕೊಂಡಿತ್ತು.

ಮಗನನ್ನು ಕರೆತಂದವರು ತಾಯಿ. "ಮೊಬೈಲ್ ಚಟ ಬಿಡಿಸಿ ಮೇಡಂ" ಎಂಬುದು ಅವರ ಕೋರಿಕೆ. ನಾನು ಚಟದ ಪ್ರಶ್ನೆಯನ್ನು ಹಗುರವಾಗಿ ಬಿಡುವವಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಲಕ್ಷಣಗಳು ಸ್ಪಷ್ಟವಾಗಿವೆ: ಆಟದ ಮೇಲೆ ಹಿಡಿತ ತಪ್ಪಬೇಕು, ಬದುಕಿನ ಉಳಿದೆಲ್ಲವೂ ಹಿಂದೆ ಸರಿಯಬೇಕು, ಕೇಡಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗಬಾರದು. ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಿಸಿಕೊಂಡಿರಬೇಕು. ಈ ಯುವಕ ಕೆಲಸ ತಪ್ಪಿಸುತ್ತಿರಲಿಲ್ಲ, ಲೆಕ್ಕದಲ್ಲಿ ತಪ್ಪು ಮಾಡುತ್ತಿರಲಿಲ್ಲ. ಈಚೆಗೆ ಆಡುವುದನ್ನೂ ಕಡಿಮೆ ಮಾಡಿದ್ದ. ಆದರೂ ರಾತ್ರಿ ಮೂರರವರೆಗೆ ಮೊಬೈಲ್ ಹಿಡಿದು ಕೂರುತ್ತಿದ್ದ. ಒಂದು ಖಾಸಗಿ ಸಂದೇಶವನ್ನು ತೆರೆದು ಓದುತ್ತಿದ್ದ, ಉತ್ತರ ಬರೆದು ಅಳಿಸುತ್ತಿದ್ದ.

ಸಂದೇಶ ಸಿಂಧನೂರಿನ ಕಡೆಯ ಹದಿನೇಳು ವರ್ಷದ ಹುಡುಗನದು. ಆಟದ ಮಧ್ಯೆ ಎದುರಾಳಿಯನ್ನು ಕೆಟ್ಟ ಮಾತಿನಲ್ಲಿ ಬೈದನೆಂದು ಅವನನ್ನು ಸರ್ವರ್‌ನಿಂದ ಶಾಶ್ವತವಾಗಿ ಹೊರಹಾಕಲಾಗಿತ್ತು. ಹುಡುಗ ಬರೆದಿದ್ದ: "ಅಣ್ಣಾ, ನಾನು ಬೈದದ್ದು ತಪ್ಪು. ಆದರೆ ಹಿಂದಿನ ದಿನ ನಿಮ್ಮ ಸ್ಕ್ವಾಡ್‌ನವರು ನನಗೆ ಇದೇ ಮಾತು ಅಂದಾಗ ನೀವು ನಕ್ಕಿದ್ದಿರಿ."

ಸ್ಕ್ವಾಡ್ ಎಂದರೆ ಒಟ್ಟಿಗೆ ಆಡುವ ಸಣ್ಣ ತಂಡ. ಮೊದಲ ಭೇಟಿಗಳಲ್ಲಿ ಯುವಕ ತನ್ನನ್ನು ಸಮರ್ಥಿಸಿಕೊಳ್ಳುವುದರಲ್ಲೇ ಹೊತ್ತು ಕಳೆದ. ನಿಯಮ ನಿಯಮವೇ ಎಂದ. ಬೈಗುಳಕ್ಕೆ ಜಾಗವಿಲ್ಲ ಎಂದು ಸರ್ವರ್‌ನಲ್ಲಿ ಬರೆದೇ ಇದೆ ಎಂದ. ಬೈದರೆ ಏನಾಗುತ್ತದೆ ಎಂದು ಬರೆದಿದೆಯೇ ಎಂದು ಕೇಳಿದೆ. ಇರಲಿಲ್ಲ. ಡಿಸ್ಕಾರ್ಡ್‌ನಲ್ಲಿ ಮಾಡರೇಟರ್‌ಗಳ ಕ್ರಮಗಳೆಲ್ಲ ಆಡಿಟ್ ಲಾಗ್ ಎಂಬ ದಾಖಲೆಯಲ್ಲಿ 45 ದಿನ ಉಳಿಯುತ್ತವೆ. ಅದನ್ನು ತೆರೆದು ನೋಡೋಣ ಎಂದೆ. ಯಾರನ್ನೇ ಹೊರಹಾಕುವಾಗ ಕಾರಣ ಬರೆಯಲು ಅಲ್ಲೊಂದು ಜಾಗವಿರುತ್ತದೆ. ಪ್ರತಿ ಬಾರಿಯೂ ಅದು ಖಾಲಿ ಉಳಿದಿತ್ತು. "ಎಲ್ಲರಿಗೂ ಗೊತ್ತಿರುತ್ತದೆಯಲ್ಲ ಮೇಡಂ" ಎಂದ. ಎಲ್ಲರಿಗೂ ಏನು ಗೊತ್ತಿತ್ತು ಎಂಬುದನ್ನು ಹುಡುಗನ ಸಂದೇಶವೇ ಹೇಳುತ್ತಿತ್ತು.

ಮುಂದಿನ ಭೇಟಿಗೆ ಬರುವ ಮೊದಲು ಒಂದು ಕೆಲಸ ಮಾಡಿಸಲು ಹೇಳಿದೆ. ಅವನ ಸ್ಕ್ವಾಡ್‌ಗೆ ಸೇರದ, ಮಾನ್ವಿಯ ಸಹ-ಮಾಡರೇಟರ್ ಒಬ್ಬರು ಇದ್ದರು. ದೂರು ಬಂದ ಮಾತುಗಳನ್ನು, ಮಾಡರೇಟರ್‌ಗಳ ಕಣ್ಣಿಗೆ ಬಿದ್ದೂ ದೂರಿಲ್ಲದೆ ಸಾಗಿಹೋದ ಮಾತುಗಳನ್ನು ಅವರು ಚೀಟಿಗಳ ಮೇಲೆ ಬರೆದುಕೊಡಬೇಕು. ಆಡಿದವರ ಹೆಸರೂ ಬೇಡ, ಕೇಳಿಸಿಕೊಂಡವರ ಹೆಸರೂ ಬೇಡ. ಹೆಸರುಗಳ ಪಟ್ಟಿ ಬೇರೆ ಲಕೋಟೆಯಲ್ಲಿರಲಿ.

ಚೀಟಿಗಳು ಬಂದವು. ನಮ್ಮ ಭಾಗದ ಹುಡುಗರ ಮಾತು ಹೇಗಿರುತ್ತದೋ ಹಾಗೆಯೇ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಅದರಲ್ಲಿದ್ದವು. ಒಂದೊಂದನ್ನೇ ಮೇಜಿನ ಮೇಲಿಟ್ಟು, ಇದಕ್ಕೆ ಏನು ಕ್ರಮ ಎಂದು ಕೇಳುತ್ತಾ ಹೋದೆ. ಬರಿಯ ಎಚ್ಚರಿಕೆ, ಒಂದು ಗಂಟೆ ಬಾಯಿ ಮುಚ್ಚಿಸುವುದು, ಒಂದು ದಿನ, ಒಂದು ವಾರ, ಹೊರಹಾಕುವುದು: ಈ ಐದರಲ್ಲಿ ಒಂದನ್ನು ಹೇಳಬೇಕು. ಮೊದಲು ಚಟಪಟನೆ ಹೇಳಿದ. ನಡುವೆ ಒಂದು ಚೀಟಿ ಬಂದಾಗ ನಿಂತುಬಿಟ್ಟ. ಅದರಲ್ಲಿದ್ದದ್ದು ಒಬ್ಬನ ತಾಯಿಯನ್ನು ಎಳೆದು ಆಡಿದ ತೆಲುಗು ಬೈಗುಳ. ತಿರುಗಿಸಿ ನೋಡಿದ, ಹಿಂದೆಯೂ ಏನೂ ಇರಲಿಲ್ಲ.

"ಇದನ್ನು ಯಾರು ಹೇಳಿದರು ಎಂದು ತಿಳಿಯದೆ ಹೇಗೆ ಹೇಳಲಿ ಮೇಡಂ?" ಎಂದ.

ನಾನು ಸುಮ್ಮನಿದ್ದೆ. ಅವನೇ ಮುಂದುವರಿಸಿದ. "ನನ್ನ ಗೆಳೆಯ ಹೇಳಿದ್ದರೆ ಅದು ತಮಾಷೆ. ಅವನ ಮನಸ್ಸು ನನಗೆ ಗೊತ್ತು. ಬೇರೆ ಯಾರಾದರೂ..." ಎಂದು ಅಲ್ಲಿಗೇ ನಿಲ್ಲಿಸಿದ. ಸ್ವಲ್ಪ ಹೊತ್ತಿನ ನಂತರ, "ಬೇರೆಯವರ ಮನಸ್ಸು ನನಗೆ ಗೊತ್ತಿಲ್ಲ, ಆದ್ದರಿಂದ ಮಾತನ್ನಷ್ಟೇ ನೋಡುತ್ತೇನೆ" ಎಂದ.

ಇಷ್ಟನ್ನೂ ಅವನೇ ಹೇಳಿದ್ದು. ಬೇಕೆಂದೇ ವಂಚಿಸುವ ಮಾಡರೇಟರ್‌ಗಳು ಅಪರೂಪ. ನಾನು ಕಂಡವರಲ್ಲಿ ಬಹುತೇಕರು ಹೀಗೆಯೇ ಎಡವುತ್ತಾರೆ. ಹತ್ತಿರದವನನ್ನು ಅವನ ಉದ್ದೇಶದಿಂದ ಅಳೆಯುತ್ತಾರೆ, ದೂರದವನನ್ನು ಅವನ ಮಾತಿನಿಂದ. ಎರಡು ಅಳತೆಗೋಲು ಹಿಡಿದಿದ್ದೇವೆ ಎಂದು ಅವರಿಗೆ ಅನ್ನಿಸುವುದೇ ಇಲ್ಲ, ಏಕೆಂದರೆ ಗೆಳೆಯನ ಬಗ್ಗೆ ಅವರಿಗೆ ತಿಳಿದಿರುವುದು ಸುಳ್ಳಲ್ಲ. ಆ ಗೆಳೆಯ ನಿಜಕ್ಕೂ ತಮಾಷೆಗೇ ಅಂದಿರಬಹುದು. ಆದರೆ ಸಿಂಧನೂರಿನ ಹುಡುಗನೂ ಸೋತ ಸಿಟ್ಟಿನಲ್ಲಿ ಬಾಯಿ ತಪ್ಪಿ ಅಂದಿರಬಹುದು. ಅವನ ಮನಸ್ಸನ್ನು ತಿಳಿಯುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ, ಅಷ್ಟೆ.

ಲಕೋಟೆ ಒಡೆದು ನೋಡಿದೆವು. ತೆಲುಗು ಬೈಗುಳ ಗೆಳೆಯನದೇ. ಕೇಳಿಸಿಕೊಂಡವನು ಸಿಂಧನೂರಿನ ಆ ಹುಡುಗನೇ. ಹುಡುಗ ಮರುದಿನ ಆಡಿದ ಮಾತಿನ ಚೀಟಿಗೆ ಯುವಕ ಹೆಸರು ಕಾಣದೆ ಹೇಳಿದ್ದ ಶಿಕ್ಷೆ ಒಂದು ದಿನದ ಮೌನ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆಯನ್ನು ಅವನು ಎತ್ತಿದ. ಜೀವದ ಗೆಳೆಯರು ಪರಸ್ಪರ ಬೈದುಕೊಳ್ಳುವುದಕ್ಕೂ ಅಪರಿಚಿತನನ್ನು ಬೈಯುವುದಕ್ಕೂ ವ್ಯತ್ಯಾಸವೇ ಇಲ್ಲವೇ? ಇದೆ. ಸಂದರ್ಭ ನೋಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ತಮಾಷೆಯೋ ಅಲ್ಲವೋ ಎಂದು ಕೇಳಬೇಕಾದದ್ದು ಆಡಿದವನ ಪರಿಚಯ ಇರುವ ನಿಮ್ಮನ್ನಲ್ಲ. ಮಾತು ಯಾರಿಗೆ ತಗುಲಿತೋ ಅವನನ್ನು. "ಆ ದಿನ ನೀವು ನಕ್ಕಾಗ ಹುಡುಗ ನಕ್ಕಿದ್ದನೇ?" ಎಂದು ಕೇಳಿದೆ. ಅವನಿಗೆ ನೆನಪಿರಲಿಲ್ಲ, ಆ ಕಡೆ ಗಮನವನ್ನೇ ಕೊಟ್ಟಿರಲಿಲ್ಲ.

ನಾನು ಕೊಟ್ಟ ಸಲಹೆಗಳನ್ನು ಇನ್ನು ಹೇಳುತ್ತೇನೆ. ಕೆಲವು ಸಹೋದ್ಯೋಗಿಗಳು ಇವನ್ನು ಒಪ್ಪಲಿಲ್ಲ, ಆದ್ದರಿಂದ ಕಾರಣಗಳನ್ನೂ ಬರೆಯಬೇಕಾಗಿದೆ.

ಮೊದಲನೆಯದು, ಗೆಳೆಯನ ಮೇಲೆ ಬಂದ ದೂರನ್ನು ಅವನು ತೀರ್ಮಾನಿಸಬಾರದು, ಚರ್ಚೆಯಲ್ಲೂ ಕೂರಬಾರದು. "ನಾನು ಅವನಿಗೆ ಹೆಚ್ಚೇ ಶಿಕ್ಷೆ ಕೊಡುತ್ತೇನೆ, ಯಾರೂ ಬೆರಳು ತೋರಿಸದಂತೆ" ಎಂದ. ಅದೂ ಅನ್ಯಾಯವೇ. 1969ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಎ.ಕೆ. ಕ್ರೈಪಾಕ್ ಪ್ರಕರಣವನ್ನು ಅವನಿಗೆ ವಿವರಿಸಿದೆ. ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿ ಒಬ್ಬ ಅಭ್ಯರ್ಥಿಯೇ ಸದಸ್ಯನಾಗಿದ್ದ. ತನ್ನ ಹೆಸರು ಬಂದಾಗ ಅವನು ಹೊರಗುಳಿದಿದ್ದ, ಆದರೂ ನ್ಯಾಯಾಲಯ ಆ ಆಯ್ಕೆಯನ್ನು ರದ್ದುಮಾಡಿತು. ಅವನು ನಿಜಕ್ಕೂ ಪಕ್ಷಪಾತ ಮಾಡಿದನೇ ಎಂದು ಸಾಬೀತಾಗಬೇಕಿರಲಿಲ್ಲ. ಪಕ್ಷಪಾತಕ್ಕೆ ಎಡೆಯಿತ್ತು ಎಂಬುದೇ ಸಾಕಾಯಿತು. ಆಟದ ಸರ್ವರ್‌ಗೆ ಸುಪ್ರೀಂ ಕೋರ್ಟ್ ಏಕೆ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಹದಿನೇಳರ ಹುಡುಗನಿಗೆ ತಾನು ದಿನವೂ ಸಂಜೆ ಸೇರುವ ಜಾಗದಿಂದ ಹೊರದೂಡಲ್ಪಡುವುದು ಸಣ್ಣ ಸಂಗತಿಯಲ್ಲ. ಅವನು ತನ್ನ ಬದುಕಿನಲ್ಲಿ ಕಾಣುವ ಮೊದಲ ನ್ಯಾಯಪೀಠ ಬಹುಶಃ ಅದೇ ಆಗಿರುತ್ತದೆ.

ಎರಡನೆಯದು, ಜಗಳ ನಡೆಯುತ್ತಿರುವಾಗ ತೀರ್ಪು ಬೇಡ. ಡಿಸ್ಕಾರ್ಡ್‌ನಲ್ಲಿ ಯಾರನ್ನೇ ಆಗಲಿ ಕೆಲವು ನಿಮಿಷಗಳಿಂದ ಒಂದು ವಾರದವರೆಗೆ ಮಾತನಾಡದಂತೆ ತಡೆಯುವ ಸೌಲಭ್ಯವಿದೆ. ಅದನ್ನು ಬಳಸಿ ಮಾತು ನಿಲ್ಲಿಸಿ, ಆಮೇಲೆ ಇಬ್ಬರನ್ನೂ ಕೇಳಿ, ಆಮೇಲೆ ನಿರ್ಧರಿಸಿ. ಯಾವ ತಪ್ಪಿಗೆ ಏನು ಕ್ರಮ, ಮೊದಲ ಬಾರಿಗೆ ಎಷ್ಟು ರಿಯಾಯಿತಿ ಎಂಬುದು ಮೊದಲೇ ಬರೆದಿರಬೇಕು. ಸ್ಕ್ರಿಮ್‌ಗೆ (ತಂಡಗಳ ಅಭ್ಯಾಸ ಪಂದ್ಯಕ್ಕೆ) ತಡವಾಗಿ ಬಂದ ತಂಡ ಸ್ಲಾಟ್, ಅಂದರೆ ಆಡಲು ಕಾದಿರಿಸಿದ ಜಾಗ, ಕಳೆದುಕೊಳ್ಳುತ್ತದೆ ಎಂಬ ನಿಯಮ ಅಲ್ಲಿತ್ತು. ಕರೆಂಟ್ ಹೋಗಿ ತಡವಾದ ಹಳ್ಳಿಯ ತಂಡ ಸ್ಲಾಟ್ ಕಳೆದುಕೊಂಡಿತ್ತು, ಮಾಡರೇಟರ್‌ನ ತಂಡಕ್ಕಾಗಿ ಎಲ್ಲರೂ ಕಾದಿದ್ದರು. ಐದು ನಿಮಿಷ ಕಾಯುವುದಾದರೆ ಎಲ್ಲರಿಗೂ ಕಾಯಿರಿ ಎಂದೆ.

ಮೂರನೆಯದು, ಕಾರಣವನ್ನು ಎರಡು ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವುದು, 45 ದಿನಗಳ ನಂತರವೂ ಉಳಿಯುವಂತೆ ಬೇರೆ ಕಡತದಲ್ಲಿ ಇಡುವುದು. ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1980ರ ದಶಕದಲ್ಲಿ ಷಿಕಾಗೋ ನಗರದ ಜನರನ್ನು ಪೊಲೀಸರ ಮತ್ತು ನ್ಯಾಯಾಲಯಗಳ ಕುರಿತು ಮಾತನಾಡಿಸಿ ಕಂಡುಕೊಂಡ ಸಂಗತಿಯೊಂದನ್ನು ನಾನು ಈ ಕೋಣೆಯಲ್ಲಿ ದಿನವೂ ಕಾಣುತ್ತೇನೆ. ತೀರ್ಪು ತಮಗೆ ವಿರುದ್ಧವಾಗಿದ್ದರೂ, ತಮ್ಮ ಮಾತು ಕೇಳಿದರು, ಗೌರವದಿಂದ ನಡೆಸಿಕೊಂಡರು ಎಂದು ಅನ್ನಿಸಿದರೆ ಜನ ಅದನ್ನು ಒಪ್ಪುತ್ತಾರೆ. ಸಿಂಧನೂರಿನ ಹುಡುಗನ ಸಂದೇಶದ ಮೊದಲ ವಾಕ್ಯವನ್ನೇ ನೋಡಿ. ತಪ್ಪನ್ನು ಅವನು ಒಪ್ಪಿಕೊಂಡೇ ಮಾತು ಆರಂಭಿಸಿದ್ದ.

ಅತಿ ಕಷ್ಟದ ಸಲಹೆ ಹಳೆಯ ತೀರ್ಮಾನದ ಕುರಿತು. ಹುಡುಗನನ್ನು ವಾಪಸ್ ಕರೆಯಬೇಕು, ಶಿಕ್ಷೆ ಅಸಮಾನವಾಗಿತ್ತು ಎಂದು ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕು ಎಂದೆ. ಗೆಳೆಯನಿಗೆ ಹಳೆಯ ಮಾತಿಗಾಗಿ ಈಗ ಶಿಕ್ಷೆ ಕೊಡಬೇಡಿ ಎಂದೂ ಹೇಳಿದೆ. ಇದನ್ನೇ ಹೆಚ್ಚು ಜನ ವಿರೋಧಿಸಿದ್ದು. ಸಮಾನತೆ ಬೇಕಾದರೆ ಅವನಿಗೂ ಕೊಡಬೇಕಲ್ಲವೇ ಎಂದರು. ಕ್ರಮ ಏನೆಂದು ಬರೆದಿರದ, ಮಾಡರೇಟರ್ ಸ್ವತಃ ನಕ್ಕು ಅನುಮತಿ ಕೊಟ್ಟ ಮಾತಿಗೆ ತಿಂಗಳ ನಂತರ ದಂಡಿಸಿದರೆ ಅದು ಬಳಗವನ್ನು ಮೆಚ್ಚಿಸಲು ಒಬ್ಬನನ್ನು ಬಲಿಕೊಟ್ಟ ಹಾಗಾಗುತ್ತದೆ. ಇಂದಿನಿಂದ ನಿನಗೂ ಇದೇ ನಿಯಮ ಎಂದು ಎಲ್ಲರ ಎದುರು ಹೇಳಿದರೆ ಸಾಕು. ಈ ಅಭಿಪ್ರಾಯವನ್ನು ನಾನು ಈಗಲೂ ಬದಲಿಸಿಲ್ಲ.

ಮಾಡರೇಟರ್ ಕೆಲಸವನ್ನೇ ಬಿಡಿಸಿ ಎಂದು ತಾಯಿ ಕೊನೆಯವರೆಗೂ ಕೇಳಿದರು. ಬಿಟ್ಟರೆ ನಿದ್ದೆ ಬರಬಹುದಿತ್ತು. ಆದರೆ ಸಂದೇಶಕ್ಕೆ ಉತ್ತರ ಸಿಗುತ್ತಿರಲಿಲ್ಲ, ಮತ್ತು ಇದೇ ಯುವಕ ನಾಳೆ ಘಟಕದ ಮೇಲ್ವಿಚಾರಕನಾದಾಗ ಇದೇ ಅಳತೆಗೋಲುಗಳನ್ನು ಕೈಯಲ್ಲಿ ಹಿಡಿದಿರುತ್ತಿದ್ದ. ತಾಯಿಗೆ ಇದನ್ನೇ ಹೇಳಿದೆ. ರಾತ್ರಿ ಹನ್ನೊಂದರ ನಂತರ ಸರ್ವರ್ ತೆರೆಯಬಾರದು ಎಂಬ ಕಟ್ಟುಪಾಡಿಗೆ ಮಗ ಒಪ್ಪಿಕೊಂಡ.

ಯುವಕ ಎಲ್ಲರೂ ಓದುವಂತೆ ಬರೆದ. ಹುಡುಗ ಧನ್ಯವಾದ ಹೇಳಿದನಾದರೂ ಮರಳಿ ಬರಲಿಲ್ಲ. ಅಷ್ಟರಲ್ಲಿ ಬೇರೆ ಬಳಗ ಸೇರಿದ್ದ. ಮಾನ್ವಿಯ ಸಹ-ಮಾಡರೇಟರ್ ಜೊತೆಗೆ ಉರ್ದು ಬಲ್ಲ ಇನ್ನೊಬ್ಬರನ್ನು ಸೇರಿಸಿಕೊಂಡರು. ಗೆಳೆಯನಿಗೆ ಆಮೇಲಿನ ತಪ್ಪಿಗೆ ಹೊಸ ನಿಯಮದಡಿ ಒಂದು ದಿನದ ಮೌನ ವಿಧಿಸಿದ್ದು ಅವರಿಬ್ಬರೇ. ಅಂದಿನಿಂದ ಆ ಗೆಳೆಯ ಇವನೊಂದಿಗೆ ಸ್ಲಾಟ್ ವಿಷಯ ಬಿಟ್ಟು ಬೇರೆ ಮಾತನಾಡುತ್ತಿಲ್ಲ. ಇದಕ್ಕೇನು ಮಾಡಲಿ ಎಂದು ಕೇಳಲು ಯುವಕ ಈಚೆಗೆ ಮತ್ತೆ ಬಂದಿದ್ದ. ಗೆಳೆಯನ ಮನೆಗೆ ಹೋಗಿ ಮಾತನಾಡಿ, ಆದರೆ ಆ ಶಿಕ್ಷೆಯ ಬಗ್ಗೆ ಕ್ಷಮೆ ಕೇಳಬೇಡಿ ಎಂದು ಹೇಳಿ ಕಳುಹಿಸಿದ್ದೇನೆ.