ಜರ್ಮನಿಯಲ್ಲಿ ಬೆಳೆಯುವ ನಮ್ಮ ಎರಡು ವರ್ಷದ ಮಗುವಿಗೆ ನಮ್ಮ ದಾವಣಗೆರೆ ಕಡೆಯ ಹಬ್ಬ, ಮಾತು ಹೇಗೆ ಉಳಿಸುವುದು?

ಮೊದಲು ಮಾತು. ಮನೆಯಲ್ಲಿ ಕನ್ನಡವನ್ನೇ ಆಡಿ. ನೀವು ಜರ್ಮನಿಯಲ್ಲಿದ್ದೀರಿ ಎಂದಿದ್ದೀರಿ. ಜರ್ಮನ್ ಅನ್ನು ಮಗು ಶಿಶುವಿಹಾರದಲ್ಲಿ ಕಲಿಯುತ್ತದೆ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಅನ್ನೋದು ಸುಳ್ಳು, ಆ ಭಯ ಬಿಡಿ.

ಹಬ್ಬಗಳನ್ನೆಲ್ಲ ಹಿಡಿಯಲು ಹೋಗಬೇಡಿ. ನನ್ನ ಕೇಳಿದರೆ ಯುಗಾದಿ ಒಂದೇ ಸಾಕು, ಆದರೆ ಪೂರ್ತಿ ಮಾಡಿ. ಎಣ್ಣೆ ಹಚ್ಚಿ ನೀರು ಹಾಕಿ, ಬೇವು-ಬೆಲ್ಲವನ್ನು ನಾಲಿಗೆಗೆ ಚೂರು ತಾಗಿಸಿ. ನಮ್ಮ ಕಡೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದೇ ದೊಡ್ಡದು, ಅಲ್ವಾ? ಯುಗಾದಿ ಹೊತ್ತಿಗೆ ಅಲ್ಲಿನ ಗಡಿಯಾರ ಸಾಮಾನ್ಯವಾಗಿ ಮೂರೂವರೆ ತಾಸು ಹಿಂದಿರುತ್ತದೆ. ಇಲ್ಲಿ ಸಂಜೆ 7 ಅಂದರೆ ಅಲ್ಲಿ ಮಧ್ಯಾಹ್ನ 3.30. ಅಜ್ಜ ಮಾಳಿಗೆ ಹತ್ತಿ ವಿಡಿಯೊ ಕಾಲ್‌ನಲ್ಲಿ ಚಂದ್ರನನ್ನು ತೋರಿಸಲಿ. ಮಗು ಅಲ್ಲಿಂದಲೇ ಕೈ ಮುಗಿಯಲಿ.

ತಿಂಡಿಗೆ ಒಗ್ಗರಣೆ ಮಂಡಕ್ಕಿ ಸುಲಭ. ಮೆಣಸಿನಕಾಯಿ ಬೇಡ. ಇಡೀ ಶೇಂಗಾ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನಂತೂ ಹಾಕಲೇಬೇಡಿ. ಪುಟಾಣಿ ಪುಡಿ ಜಾಸ್ತಿ ಉದುರಿಸಿ, ಮಗುವೇ ಕೈಯಾಡಿಸಿ ಕಲೆಸಲಿ.