ಗೋಣಿಕೊಪ್ಪದಿಂದ ಕೆನಡಾಕ್ಕೆ ಹೊರಟವರಿಗೆ: ಮಗಳನ್ನ ಫಿಗರ್ ಸ್ಕೇಟಿಂಗ್‌ಗೆ ಸೇರಿಸಬಹುದಾ?

ನಮಸ್ಕಾರ. ನಿಮ್ಮ ಮೆಸೇಜ್ ಪೂರ್ತಿ ಓದಿದೆ. ಆಗಸ್ಟ್‌ನಲ್ಲಿ ಗೋಣಿಕೊಪ್ಪದಿಂದ ಟೊರಾಂಟೊ ಪಕ್ಕದ ಮಿಸ್ಸಿಸಾಗಕ್ಕೆ ಹೊರಟಿದ್ದೀರಿ, ಎಂಟು ವರ್ಷದ ಮಗಳು ಮೊಬೈಲಲ್ಲಿ ಫಿಗರ್ ಸ್ಕೇಟಿಂಗ್, ಅಂದ್ರೆ ಬ್ಲೇಡಿನ ಬೂಟು ಹಾಕಿ ಐಸ್ ಮೇಲೆ ಜಾರ್ತಾ ಹಾರಿ ತಿರುಗೋ ಆಟ, ನೋಡಿ ನೋಡಿ ನಂಗೂ ಅದೇ ಬೇಕು ಅಂತ ಹಠ ಹಿಡಿದಿದ್ದಾಳೆ, ಮನೇಲಿ ಹಿರಿಯರು ಹೋದ ಕೂಡ್ಲೇ ಇದೆಲ್ಲ ಎಂತಕ್ಕೆ ಅಂತಿದ್ದಾರೆ, ಖರ್ಚು ಎಷ್ಟಾಗ್ತದೋ ಅನ್ನೋ ಭಯ, ಮುಂದೆ ಅವಳು ಭಾರತದ ಪರ ಸ್ಪರ್ಧೆ ಮಾಡಬಹುದಾ ಅಂತ ಕೂಡ ಕೇಳಿದ್ದೀರಿ. ನಾನು ನಾಪೋಕ್ಲು ಕಡೆಯವನು, ಮಿಸ್ಸಿಸಾಗದಲ್ಲೇ ನೆಲೆ ನಿಂತವನು, ನನ್ನ ಮಗಳು ಬೆಳೆದದ್ದೇ ಅಲ್ಲಿನ ಸ್ಕೇಟಿಂಗ್ ಕ್ಲಬ್‌ನಲ್ಲಿ. ಈಗ ರಜಕ್ಕೆ ಊರಲ್ಲಿದ್ದೇನೆ, ಕಕ್ಕಡ ತಿಂಗಳ ಮಳೆ ನಿಂತಿಲ್ಲ, ಕರೆಂಟ್ ಬಂದಾಗ ಬಂದಾಗ ಬರೀತಾ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಆಗಬಹುದು.

ಮೊದಲು ನೇರ ಉತ್ತರ. ಸೇರಿಸಿ, ಖಂಡಿತ ಸೇರಿಸಿ. ಆದ್ರೆ ಮೊದಲ ಎರಡು ಚಳಿಗಾಲ ಗ್ರೂಪ್ ಕ್ಲಾಸ್ ದಾಟಿ ಹೋಗಬೇಡಿ, ಯಾರು ಎಷ್ಟು ಹೊಗಳಿದ್ರೂ. ನಾನು ಇಷ್ಟು ವರ್ಷ ರಿಂಕ್, ಅಂದ್ರೆ ಐಸ್ ಅಂಗಳದ ಪಕ್ಕ ಕೂತು ಕಂಡದ್ದು ಇದೊಂದೇ, ಮಕ್ಕಳಿಗೆ ಆತುರ ಇರಲ್ಲ, ಆತುರ ಎಲ್ಲ ಅಪ್ಪ ಅಮ್ಮಂದು. ಈ ಆಟದಲ್ಲಿ ಆತುರ ಎಂತ ಮಾಡ್ತದೆ ಅನ್ನೋದಕ್ಕೆ ಅಂತಾರಾಷ್ಟ್ರೀಯ ಮಟ್ಟದಲ್ಲೇ ಉದಾಹರಣೆ ಉಂಟು, ಕೆಳಗೆ ಹೇಳ್ತೇನೆ.

ಅಲ್ಲಿ ಸುಮಾರಾಗಿ ಪ್ರತಿ ಏರಿಯಾದಲ್ಲೂ ನಗರಸಭೆಯ ಒಂದು ಐಸ್ ಅರೀನಾ ಇರ್ತದೆ, ಕ್ಲಬ್‌ಗಳು ಅಲ್ಲೇ ನಡೀತವೆ. ಮಕ್ಕಳಿಗೆ ಅಲ್ಲಿನ ಸ್ಕೇಟಿಂಗ್ ಒಕ್ಕೂಟ ಸ್ಕೇಟ್ ಕೆನಡಾದವರ ಕ್ಯಾನ್‌ಸ್ಕೇಟ್ ಅನ್ನೋ ಪ್ರೋಗ್ರಾಂ, ಆರು ಸ್ಟೇಜ್, ಒಂದೊಂದು ದಾಟಿದ ಹಾಗೆ ಬ್ಯಾಡ್ಜ್ ಕೊಡ್ತಾರೆ. ಐದನೇ ಸ್ಟೇಜ್ ಮುಗಿಯೋವರೆಗೂ ಹಾಕಿ ಆಟದ ಹೆಲ್ಮೆಟ್ ಕಡ್ಡಾಯ, ಸೈಕಲ್ ಹೆಲ್ಮೆಟ್ ನಡೆಯಲ್ಲ. ಮೊದಲ ದಿನ ಕಲಿಸೋದೇ ಹೇಗೆ ಬೀಳೋದು, ಬಿದ್ದಲ್ಲಿಂದ ಕೈ ಊರಿ ಹೇಗೆ ಏಳೋದು ಅಂತ. ನಿಮ್ಮ ಮಗಳು ವಿಡಿಯೋದಲ್ಲಿ ನೋಡಿರೋ ತಿರುಗೋದು ಹಾರೋದು ಎಲ್ಲ ಬಹಳ ದೂರದ ಮಾತು, ಮೊದಲ ವರ್ಷ ಬರೀ ಎಡ್ಜ್, ಅಂದ್ರೆ ಬ್ಲೇಡಿನ ಒಳ ಅಂಚು ಹೊರ ಅಂಚು, ಎರಡರ ನಡುವೆ ಉದ್ದಕ್ಕೂ ಸಣ್ಣ ತೋಡು ಇರ್ತದೆ, ಯಾವ ಅಂಚಿನ ಮೇಲೆ ಮೈ ಒರಗಿಸ್ತೀರಿ ಅನ್ನೋದರ ಮೇಲೇ ಇಡೀ ಆಟ ನಿಂತಿರೋದು. ಇದು ಬೋರ್ ಅನ್ನಿಸದೆ ಅವಳು ಎರಡನೇ ಚಳಿಗಾಲವೂ ತಾನೇ ಎದ್ದು ಹೊರಟ್ರೆ ಆಗ ಪ್ರೈವೇಟ್ ಕೋಚ್ ವಿಚಾರ ಮಾಡಿ.

ಖರ್ಚಿನ ವಿಷಯ ಮುಚ್ಚಿಡಲ್ಲ. ಗ್ರೂಪ್ ಕ್ಲಾಸ್ ಹೊಸದಾಗಿ ಬಂದವರ ಸಂಬಳದಲ್ಲೂ ನಿಭಾಯಿಸಬಹುದು. ಅದು ದಾಟಿದ ಮೇಲೆ ಕೋಚ್‌ಗೆ ಬೇರೆ, ಐಸ್ ಟೈಮ್‌ಗೆ ಬೇರೆ, ಬೂಟು ಬೇರೆ ಬ್ಲೇಡ್ ಬೇರೆ, ಕಾಲು ಬೆಳೆದ ಹಾಗೆ ಮತ್ತೆ ಹೊಸತು, ಹಾಡು ಕತ್ತರಿಸೋಕೆ, ಕೊರಿಯೋಗ್ರಫಿಗೆ, ಡ್ರೆಸ್‌ಗೆ, ಸ್ಪರ್ಧೆಯ ಫೀಸಿಗೆ, ದೂರದ ಸ್ಪರ್ಧೆ ಆದ್ರೆ ಕೋಚ್‌ನ ಪ್ರಯಾಣದ್ದೂ ನಿಮ್ಮ ತಲೆ ಮೇಲೆ. ಐದು ಸಲ ವಿಶ್ವ ಚಾಂಪಿಯನ್ ಆದ ಅಮೆರಿಕದ ಮಿಶೆಲ್ ಕ್ವಾನ್ ಅವರ ತಂದೆ ತಾಯಿ ಹಾಂಗ್‌ಕಾಂಗ್‌ನಿಂದ ವಲಸೆ ಬಂದವರು, ಮಕ್ಕಳ ಸ್ಕೇಟಿಂಗ್‌ಗೆ ಮನೆಯನ್ನೇ ಮಾರಿದ್ರು. ಅಂಥ ಮಗಳಿಗೂ ಒಲಿಂಪಿಕ್ಸ್ ಚಿನ್ನ ಸಿಗಲಿಲ್ಲ, 1998ರಲ್ಲಿ ಬೆಳ್ಳಿ, 2002ರಲ್ಲಿ ಕಂಚು. ಅವರು ಎಷ್ಟು ದೊಡ್ಡ ಸ್ಕೇಟರ್ ಅನ್ನೋದು ಅದರಿಂದ ಒಂದಿಂಚೂ ಕಮ್ಮಿ ಆಗಲ್ಲ, ಆದ್ರೆ ಊರಲ್ಲಿರೋ ಕಾಫಿ ತೋಟದ ಮೇಲೆ ಸಾಲ ತೆಗೆದು ಮಗಳನ್ನ ಐಸ್ ಮೇಲೆ ನಿಲ್ಲಿಸೋ ಯೋಚನೆ ಯಾರಾದ್ರೂ ತಲೆಗೆ ಹಾಕಿದ್ರೆ ಈ ಮಾತು ನೆನಪಿರಲಿ.

ಹೋದ ಮೇಲೆ ಒಂದು ಕೆಲಸ ಮಾಡಿ, ದೊಡ್ಡ ಸ್ಪರ್ಧೆ ಒಂದನ್ನ ನೇರವಾಗಿ ಹೋಗಿ ನೋಡಿ. ಗ್ರಾಂಡ್ ಪ್ರಿ ಅಂತ ಒಂದು ಸರಣಿ ಉಂಟು, ಅಮೆರಿಕ, ಕೆನಡಾ, ಚೀನಾ, ಜಪಾನ್, ಫ್ರಾನ್ಸ್, ಫಿನ್ಲೆಂಡ್ ಹೀಗೆ ಆರು ಕಡೆ ನಡೆದು ಕೊನೆಗೆ ಒಂದೊಂದು ವಿಭಾಗದಲ್ಲಿ ಆರಾರು ಜನ ಫೈನಲ್‌ಗೆ ಹೋಗ್ತಾರೆ, ಕೆನಡಾದ್ದು ಪ್ರತಿ ವರ್ಷ ಬೇರೆ ಬೇರೆ ಊರಲ್ಲಿ. 2022ರಲ್ಲಿ ಅದು ನಮ್ಮ ಮಿಸ್ಸಿಸಾಗದಲ್ಲೇ ಆಯ್ತು, ಗಂಡಸರಲ್ಲಿ ಜಪಾನಿನ ಶೋಮಾ ಊನೊ ಗೆದ್ರು, ಗಂಡು ಹೆಣ್ಣು ಜೋಡಿಯಾಗಿ ಆಡೋ ಪೇರ್ಸ್‌ನಲ್ಲಿ ಜಪಾನಿನವರೇ ಆದ ರಿಕು ಮಿಯುರಾ, ರ್‍ಯುಇಚಿ ಕಿಹಾರಾ. ಮೊಬೈಲಲ್ಲಿ ಕಾಣದ್ದು ಅಲ್ಲಿ ಕಾಣ್ತದೆ, ಮುಖ್ಯವಾಗಿ ವೇಗ, ಮತ್ತೆ ಬ್ಲೇಡ್ ಐಸನ್ನ ಕಚ್ಚುವ ಶಬ್ದ, ಹಾರಿ ಇಳಿಯುವಾಗ ಮೈಭಾರದ ಎಷ್ಟೋ ಪಟ್ಟು ಒಂದೇ ಕಾಲಿನ ಮೇಲೆ ಬೀಳ್ತದೆ, ಅದು ಕಿವಿಗೆ ಕೇಳಿಸ್ತದೆ. ಅದೇ ಮಿಯುರಾ ಕಿಹಾರಾ ಜೋಡಿ ಪ್ರಾಕ್ಟೀಸ್ ಮಾಡಿದ್ದು ಪಕ್ಕದ ಓಕ್‌ವಿಲ್‌ನಲ್ಲಿ, 2023ರಲ್ಲೂ 2025ರಲ್ಲೂ ವಿಶ್ವ ಚಾಂಪಿಯನ್ ಆದ್ರು. ಟೊರಾಂಟೊದ ಕ್ರಿಕೆಟ್ ಕ್ಲಬ್ ಅಂತ ಉಂಟಲ್ಲ, ಹೆಸರು ಕ್ರಿಕೆಟ್ ಆದ್ರೂ ಒಳಗೆ ಐಸ್ ರಿಂಕ್, ಅಲ್ಲಿ ಬ್ರಯಾನ್ ಓರ್ಸರ್ ಹತ್ರ ಕಲಿತೇ ಯುನಾ ಕಿಮ್ 2010ರಲ್ಲಿ ಕೊರಿಯಾಕ್ಕೆ ಫಿಗರ್ ಸ್ಕೇಟಿಂಗ್‌ನ ಮೊದಲ ಒಲಿಂಪಿಕ್ಸ್ ಮೆಡಲ್ ತಂದದ್ದು, ಅದೂ ಚಿನ್ನ. ಯುಝುರು ಹಾನ್ಯು ಕೂಡ, 2011ರ ಭೂಕಂಪದಲ್ಲಿ ಸೆಂಡೈ ಊರಿನ ಅವರ ರಿಂಕ್ ಹಾಳಾಯ್ತು, ಮರುವರ್ಷ ಟೊರಾಂಟೊಗೆ ಬಂದು 2014, 2018 ಎರಡೂ ಒಲಿಂಪಿಕ್ಸ್ ಗೆದ್ರು. ಸ್ಪೇನ್‌ನಂಥ ದೇಶದ ಹಾವಿಯೆರ್ ಫೆರ್ನಾಂಡೆಸ್ ಎರಡು ಸಲ ವಿಶ್ವ ಚಾಂಪಿಯನ್ ಆದದ್ದೂ ಅಲ್ಲೇ ಕಲಿತು. ಅಂದ್ರೆ ದೂರದ ದೇಶದಿಂದ ಬಂದು ಈ ಆಟ ಕಲಿಯೋದು ಅಲ್ಲಿ ಯಾರಿಗೂ ಹೊಸ ಸಂಗತಿ ಅಲ್ಲ, ನಿಮ್ಮ ಮಗಳು ಗುಂಪಲ್ಲಿ ಬೇರೆ ಅಂತ ಅನ್ನಿಸೋ ಭಯ ಬೇಡ. ಮೆಕ್ಸಿಕೊದ ಡೊನೊವಾನ್ ಕ್ಯಾರಿಯೊ ಮಾಲ್ ಒಳಗಿನ ರಿಂಕಲ್ಲಿ ಪ್ರಾಕ್ಟೀಸ್ ಮಾಡಿ 2022ರ ಒಲಿಂಪಿಕ್ಸ್‌ನಲ್ಲಿ ಕೊನೇ ಸುತ್ತಾದ ಫ್ರೀ ಸ್ಕೇಟ್‌ವರೆಗೂ ಹೋದ್ರು, ನಂಗೆ ಮೆಡಲ್ ಗೆದ್ದವರಿಗಿಂತ ಅವರ ಮೇಲೇ ಜಾಸ್ತಿ ಪ್ರೀತಿ.

ನೋಡೋದಕ್ಕೆ ಮುಂಚೆ ಮಾರ್ಕ್ಸ್ ಹೇಗೆ ಕೊಡ್ತಾರೆ ಅಂತ ಸ್ವಲ್ಪ ತಿಳ್ಕೊಳ್ಳಿ, ಇಲ್ಲದಿದ್ರೆ ನಮ್ಮಂಥವರಿಗೆ ಸಿಟ್ಟು ಬರ್ತದೆ. ನಾವು ಕೊಡಗಿನವರು ಹಾಕಿ ನೋಡಿ ಬೆಳೆದವರು, ಕುಟುಂಬಗಳ ಹಾಕಿ ಹಬ್ಬದಲ್ಲಿ ಹೊಡೆದ ಗೋಲು ಗೋಲೇ, ಮೈದಾನದಲ್ಲಿದ್ದ ಎಲ್ಲರಿಗೂ ಕಾಣ್ತದೆ. ಇಲ್ಲಿ ಹಾಗಲ್ಲ. ಹಳೇ ಕಾಲದಲ್ಲಿ ಜಡ್ಜ್ ಆರಕ್ಕೆ ಇಷ್ಟು ಅಂತ ಅಂಕ ಕೊಡೋ ಲೆಕ್ಕ ಇತ್ತು, 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ಪೇರ್ಸ್ ಚಿನ್ನ ರಷ್ಯಾದ ಜೋಡಿಗೆ ಹೋದಾಗ ಫ್ರಾನ್ಸಿನ ಜಡ್ಜ್ ಮೇಲೆ ಒತ್ತಡ ಇತ್ತು ಅಂತ ದೊಡ್ಡ ಗಲಾಟೆ ಆಗಿ ಕೊನೆಗೆ ಕೆನಡಾದ ಜೇಮಿ ಸಲೇ, ಡೇವಿಡ್ ಪೆಲ್ಟಿಯೆ ಅವರಿಗೂ ಇನ್ನೊಂದು ಚಿನ್ನ ಕೊಟ್ರು, ಆಮೇಲೆ ಆ ಪದ್ಧತಿಯನ್ನೇ ತೆಗೆದುಹಾಕಿದ್ರು. ಈಗ ಪ್ರತಿ ಜಂಪ್‌ಗೂ ಪ್ರತಿ ಸ್ಪಿನ್‌ಗೂ ಮೂಲ ಅಂಕ ಉಂಟು, ಅದರ ಮೇಲೆ ಜಡ್ಜ್‌ಗಳು ಮೈನಸ್ ಐದರಿಂದ ಪ್ಲಸ್ ಐದರವರೆಗೆ ಗುಣಮಟ್ಟಕ್ಕೆ ಕೊಡ್ತಾರೆ, ಅತಿ ಜಾಸ್ತಿ ಅತಿ ಕಮ್ಮಿ ಕೊಟ್ಟದ್ದನ್ನ ಬಿಟ್ಟು ಉಳಿದದ್ದರ ಸರಾಸರಿ. ಜೊತೆಗೆ ಕಂಪೊಸಿಷನ್, ಪ್ರೆಸೆಂಟೇಷನ್, ಸ್ಕೇಟಿಂಗ್ ಸ್ಕಿಲ್ಸ್ ಅಂತ ಮೂರಕ್ಕೆ ಬೇರೆ ಅಂಕ. ಗಾಳಿಯಲ್ಲಿ ಕಾಲು ಭಾಗ ಸುತ್ತು ಕಮ್ಮಿ ತಿರುಗಿದ್ರೂ ರೀಪ್ಲೇ ಹಾಕಿ ಹಿಡೀತಾರೆ. ಆಕ್ಸೆಲ್ ಅನ್ನೋ ಜಂಪ್ ಒಂದೇ ಮುಂದಕ್ಕೆ ಮುಖ ಮಾಡಿ ಹಾರೋದು, ಇಳಿಯೋದು ಹಿಂದಕ್ಕೆ, ಹಾಗಾಗಿ ಅರ್ಧ ಸುತ್ತು ಜಾಸ್ತಿ ಬೇಕು. ನಾಲ್ಕೂವರೆ ಸುತ್ತಿನ ಆಕ್ಸೆಲ್ ಆಗೋದೇ ಇಲ್ಲ ಅಂತಿದ್ರು, 2022ರ ಸೆಪ್ಟೆಂಬರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಇಲ್ಯಾ ಮಾಲಿನಿನ್ ಅನ್ನೋ 17ರ ಹುಡುಗ ಮಾಡಿ ತೋರಿಸಿದ. ಅಪ್ಪ ಅಮ್ಮ ಇಬ್ಬರೂ ಉಜ್ಬೆಕಿಸ್ತಾನದ ಪರ ಸ್ಕೇಟ್ ಮಾಡಿದವರು, ಅಮೆರಿಕಕ್ಕೆ ಬಂದು ನೆಲೆಸಿದವರು.

ಈಗ ಆತುರದ ಮಾತಿಗೆ ಬರ್ತೇನೆ, ನಂಗೆ ಹೇಳಬೇಕು ಅನ್ನಿಸೋದೇ ಇದು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಕಮಿಲಾ ವಲಿಯೆವಾಗೆ 15 ವರ್ಷ. ಆಟದ ಮಧ್ಯೆ ಹಳೇ ಡೋಪಿಂಗ್ ಟೆಸ್ಟಿನ ಫಲಿತಾಂಶ ಹೊರಗೆ ಬಂತು, ನಿಷೇಧ ಇರೋ ಹೃದಯದ ಮಾತ್ರೆಯ ಅಂಶ ಸಿಕ್ಕಿತ್ತು. ಅಷ್ಟೆಲ್ಲ ಕಣ್ಣು ತನ್ನ ಮೇಲಿರೋವಾಗ ಆ ಮಗು ಐಸ್‌ಗೆ ಇಳಿದು ಮತ್ತೆ ಮತ್ತೆ ಬಿದ್ದು ನಾಲ್ಕನೇ ಸ್ಥಾನಕ್ಕೆ ಹೋಯ್ತು, 2024ರ ಜನವರಿಯಲ್ಲಿ ತೀರ್ಪು ಬಂದು ನಾಲ್ಕು ವರ್ಷ ನಿಷೇಧ, ಅವಳಿದ್ದ ರಷ್ಯಾ ತಂಡ ಮೊದಲು ಬಂದಿದ್ದ ತಂಡಗಳ ಸ್ಪರ್ಧೆಯ ಚಿನ್ನ ಅಮೆರಿಕಕ್ಕೆ ಹೋಯ್ತು. ಸುತ್ತ ಇದ್ದ ದೊಡ್ಡವರು ಎಲ್ಲಿ ಹೋಗಿದ್ರು ಅಂತ ನಂಗೆ ಇವತ್ತಿಗೂ ಸಂಕಟ ಆಗ್ತದೆ. 2022ರ ಜೂನ್‌ನಲ್ಲಿ ಫುಕೆಟ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಸಭೆ ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನ 15ರಿಂದ ಹಂತ ಹಂತವಾಗಿ 17ಕ್ಕೆ ಏರಿಸ್ತು. ತುಂಬ ಒಳ್ಳೇದಾಯ್ತು. ಅಂದ್ರೆ ಎಂಟು ವರ್ಷದ ನಿಮ್ಮ ಮಗಳಿಗೆ ಒಂಬತ್ತು ವರ್ಷ ಟೈಮ್ ಉಂಟು, ಹತ್ತು ವರ್ಷಕ್ಕೇ ಮೂರು ಸುತ್ತಿನ ಟ್ರಿಪಲ್ ಜಂಪ್ ಬರಲೇಬೇಕು ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ.

ಅಮೆರಿಕದ ಅಲಿಸಾ ಲಿಯು ಕಥೆ ಮಗಳಿಗೆ ಹೇಳಿ. 13ಕ್ಕೇ ಅಮೆರಿಕದ ಚಾಂಪಿಯನ್, 16ಕ್ಕೆ ಸಾಕು ಅಂತ ಬಿಟ್ಟೇಬಿಟ್ಟಳು, ಎರಡು ವರ್ಷ ಸ್ಕೇಟಿಂಗ್ ಬಿಟ್ಟು ಸಾಮಾನ್ಯ ಹುಡುಗಿಯ ಥರ ಇದ್ದು, ಮತ್ತೆ ತನಗೇ ಬೇಕು ಅನ್ನಿಸಿದಾಗ ವಾಪಸ್ ಬಂದು 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಇನ್ನು ಡಿಯಾನಾ ಸ್ಟೆಲ್ಲಾಟೊ ಡ್ಯುಡೆಕ್, ಹದಿಹರೆಯದಲ್ಲಿ ಗಾಯ ಆಗಿ ಬಿಟ್ಟವರು 16 ವರ್ಷ ಆದ್ಮೇಲೆ ಮರಳಿ ಬಂದು 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾದ ಪರ ಪೇರ್ಸ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ 40. ಅದೇ ವರ್ಷ ಜನವರಿಯಲ್ಲಿ ನಮ್ಮ ರೋಹನ್ ಬೋಪಣ್ಣ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು, ಕೊಡಗೆಲ್ಲ ಕುಣಿದಿತ್ತು. ವಯಸ್ಸು ದಾಟ್ತದೆ ಅಂತ ಹೆದರಿಸೋ ಹಿರಿಯರಿಗೆ ಈ ಎರಡು ಹೆಸರು ಸಾಕು.

ಭಾರತದ ಪರ ಆಡೋ ವಿಷಯ. ಇದು ಹೃದಯದಿಂದ ಕೇಳಿದ ಪ್ರಶ್ನೆ ಅಂತ ಗೊತ್ತಾಗ್ತದೆ, ಹಾಗಾಗಿ ಸರಿಯಾಗಿ ಹೇಳ್ತೇನೆ. ಆಗ್ತದೆ, ಆದ್ರೆ ಪಾಸ್‌ಪೋರ್ಟ್ ನೋಡ್ಕೊಂಡು. ಐದು ವರ್ಷದ ಅವಧಿಯಲ್ಲಿ 1095 ದಿನ ಕೆನಡಾದಲ್ಲಿ ಇದ್ರೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು, ಎಲ್ಲರೂ ಹಾಕ್ತಾರೆ, ಮಕ್ಕಳದ್ದೂ ಜೊತೆಗೇ ಹಾಕ್ತಾರೆ. ಭಾರತ ಎರಡು ಪೌರತ್ವ ಒಪ್ಪಲ್ಲ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಸಿಗ್ತದೆ, ಆದ್ರೆ 2008ರಿಂದ ಸರ್ಕಾರದ ನೀತಿ ಏನಂದ್ರೆ ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ಭಾರತದ ಪರ ಆಡಬಹುದು, ಓಸಿಐ ಕಾರ್ಡ್ ಸಾಲಲ್ಲ. ತಾರಾ ಪ್ರಸಾದ್ ಅಂತ ಒಬ್ಬರು ಸ್ಕೇಟರ್, ಅಮೆರಿಕದಲ್ಲೇ ಹುಟ್ಟಿ ಬೆಳೆದವರು, 2019ರಲ್ಲಿ ಭಾರತದ ಪೌರತ್ವ ತಗೊಂಡು ಯುರೋಪ್ ಬಿಟ್ಟು ಉಳಿದ ಖಂಡಗಳವರ ಸ್ಪರ್ಧೆ ಫೋರ್ ಕಾಂಟಿನೆಂಟ್ಸ್‌ನಲ್ಲಿ, 2025ರ ಹಾರ್ಬಿನ್ ಏಷ್ಯನ್ ವಿಂಟರ್ ಗೇಮ್ಸ್‌ನಲ್ಲಿ ಭಾರತದ ಪರ ಇಳಿದ್ರು. ಅಷ್ಟು ದೊಡ್ಡ ನಿರ್ಧಾರ ಅವರು ದೊಡ್ಡವರಾದ ಮೇಲೆ ತಗೊಂಡದ್ದು. ಕೆನಡಾದ ಪರ ಒಲಿಂಪಿಕ್ಸ್‌ಗೆ ಹೋಗೋದಾದ್ರೂ ಅಲ್ಲಿನ ಪೌರತ್ವ ಬೇಕೇ ಬೇಕು, ಮೇಲೆ ಹೇಳಿದ ಡಿಯಾನಾ ಅಮೆರಿಕದವರು, ವಿಶ್ವ ಚಾಂಪಿಯನ್ ಆದ ಮೇಲೂ ಕೆನಡಾದ ಪೌರತ್ವ ಸಿಗೋಕೆ ಕಾಯಬೇಕಾಯ್ತು. ಕ್ಲಬ್ ಮಟ್ಟದ ಸ್ಪರ್ಧೆಗೆ ಇದ್ಯಾವುದೂ ಅಡ್ಡ ಬರಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಸ್ಕೇಟಿಂಗ್ ನೆಪದಲ್ಲಿ ಮನೆಯವರ ಪೌರತ್ವದ ನಿರ್ಧಾರ ಹಿಂದೆ ಮುಂದೆ ಮಾಡಬೇಡಿ, ನಿಮ್ಮ ಕೆಲಸ, ಇಲ್ಲಿರೋ ತಂದೆ ತಾಯಿ, ತೋಟ ಇದನ್ನೆಲ್ಲ ನೋಡಿ ತೀರ್ಮಾನ ಮಾಡಿ.

ಇನ್ನು ಚಳಿ. ಡಿಸೆಂಬರಲ್ಲಿ ಸಂಜೆ ಐದಕ್ಕೆ ಮುಂಚೆ ಕತ್ತಲೆ, ನಮ್ಮ ಮಳೆಗಾಲದ ಕತ್ತಲೆ ನೋಡಿದವರಿಗೂ ಮೊದಲ ವರ್ಷ ಕಷ್ಟ ಆಗ್ತದೆ, ಅದರಲ್ಲೂ ನಿಮ್ಮ ಮನೆಯವರಿಗೆ, ಕೆಲಸ ಸಿಗೋವರೆಗೆ ಹಗಲೆಲ್ಲ ಒಬ್ಬರೇ ಇರಬೇಕಲ್ಲ. ಅದಕ್ಕೇ ನಾನು ಅರೀನಾಕ್ಕೆ ಹೋಗಿ ಅನ್ನೋದು. ಮಗು ಐಸ್ ಮೇಲಿರೋ ಹೊತ್ತು ಹೊರಗೆ ಬೆಂಚಲ್ಲಿ ಚೀನಾದವರು, ಉಕ್ರೇನ್‌ನವರು, ಪಂಜಾಬಿನವರು ಎಲ್ಲ ಕೂತಿರ್ತಾರೆ, ಎಲ್ಲರೂ ಎಲ್ಲಿಂದಲೋ ಬಂದವರೇ. ನನ್ನ ಹೆಂಡತಿಗೆ ಮೊದಲ ಗೆಳತಿ ಸಿಕ್ಕಿದ್ದು ಅಲ್ಲೇ, ಮನೆಯಿಂದ ತಗೊಂಡು ಹೋದ ನಮ್ಮೂರ ಕಾಫಿ ಫ್ಲಾಸ್ಕಿಂದ ಹಂಚಿ ಶುರುವಾದ ಪರಿಚಯ. ಕ್ಲಬ್‌ಗಳಿಗೆ ವಾಲಂಟಿಯರ್ ಯಾವಾಗ್ಲೂ ಬೇಕು, ಹೆಸರು ಕೊಡಿ, ಟೆಸ್ಟ್ ದಿನ ಕಾಗದ ನೋಡ್ಕೊಳ್ಳೋದು, ಮಕ್ಕಳನ್ನ ಸಾಲಾಗಿ ನಿಲ್ಲಿಸೋದು ಅಷ್ಟೇ ಕೆಲಸ, ಆದ್ರೆ ಒಂದೇ ಸೀಸನ್‌ನಲ್ಲಿ ಊರಿನ ಅರ್ಧ ಜನ ಗೊತ್ತಾಗ್ತಾರೆ.

ಸೆಪ್ಟೆಂಬರ್ ಬ್ಯಾಚಿನ ನೋಂದಣಿ ಬೇಸಿಗೆಯಲ್ಲೇ ತೆರೆದು ಬೇಗ ತುಂಬ್ತದೆ, ಹಾಗಾಗಿ ಮನೆ ಅಡ್ರೆಸ್ ಗೊತ್ತಾದ ದಿನವೇ ಹತ್ತಿರದ ಕ್ಲಬ್ ಯಾವುದು ನೋಡಿ ಹೆಸರು ಹಾಕಿ. ಸ್ಕೇಟ್, ಹೆಲ್ಮೆಟ್ ಇಲ್ಲಿಂದ ಆನ್‌ಲೈನ್‌ನಲ್ಲಿ ತರಿಸಬೇಡಿ, ಬೂಟು ಕಾಲಿಗೆ ಹಾಕಿಯೇ ನೋಡಬೇಕು, ಮೊದಲ ವರ್ಷಕ್ಕೆ ಸೆಕೆಂಡ್ ಹ್ಯಾಂಡ್ ಸಾಕು, ಬ್ಲೇಡಿನ ಮುಂತುದಿಯಲ್ಲಿ ಹಲ್ಲಿನ ಥರ ಟೋ ಪಿಕ್ ಇರೋ ಫಿಗರ್ ಸ್ಕೇಟೇ ತಗೊಳ್ಳಿ, ಹಾಕಿ ಸ್ಕೇಟಲ್ಲಿ ಅದು ಇರಲ್ಲ. ಇಲ್ಲಿಂದ ಒಳ್ಳೇ ಉಣ್ಣೆ ಕಾಲುಚೀಲ, ತೆಳು ಗ್ಲೌಸ್ ತಗೊಳ್ಳಿ, ಮತ್ತೆ ಮಗಳ ಕಾಲಿನ ಅಳತೆ ಸೆಂಟಿಮೀಟರಲ್ಲಿ ನಂಗೆ ಕಳಿಸಿ, ಕ್ಲಬ್‌ನಲ್ಲಿ ಯಾರ ಹತ್ರ ಆ ಸೈಜಿನ ಹಳೇ ಜೋಡಿ ಉಂಟು ಅಂತ ನಾನು ವಾಪಸ್ ಹೋದ ಕೂಡ್ಲೇ ವಿಚಾರಿಸಿ ಇಡ್ತೇನೆ.