ಟ್ರೇಲರ್ ರೋಲರಿನ ಪಿನ್ ಕಳಚಿಕೊಳ್ಳುವುದಕ್ಕೆ

ಸಮುದ್ರದಿಂದ ದೋಣಿಯನ್ನು ಮೇಲೆಳೆದಾಗಲೆಲ್ಲ ಟ್ರೇಲರಿನ ನಡುವೆ ದೋಣಿಯ ತಳ ಉರುಳಿಬರುವ ರೋಲರಿನ ಪಿನ್ ಜಾರಿ ಬರುತ್ತದೆ, ಪಿನ್ನಿನ ತುದಿಗೆ ಹೊಸ ಕ್ಯಾಪ್ ಬಡಿದರೂ ನಿಲ್ಲುವುದಿಲ್ಲ ಎಂದಿದ್ದೀರಿ. ಇನ್ನೆಷ್ಟು ಬಡಿದರೂ ಅಷ್ಟೇ. ಆ ತಗಡಿನ ಕ್ಯಾಪಿನ ಒಳಹಲ್ಲುಗಳು ಉಪ್ಪುನೀರಿಗೆ ತುಕ್ಕು ಹಿಡಿದು ಹಿಡಿತ ಬಿಡುತ್ತವೆ. ಎರಡೂ ತುದಿಗೆ ತೂತಿರುವ, ಉಪ್ಪುನೀರಿಗೆ ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಿ. ರೋಲರನ್ನು ಹಿಡಿದಿರುವ ಬ್ರಾಕೆಟ್ಟಿನ ಹೊರಗೆ ವಾಷರ್, ಅದರಾಚೆ ತೂತಿಗೆ ಸ್ಪ್ಲಿಟ್ ಪಿನ್, ಅಂದರೆ ತೂರಿಸಿ ಕಾಲು ಮಡಚುವ ಎರಡು ಕಾಲಿನ ತಂತಿಪಿನ್. ಅದರ ಎರಡು ಕಾಲುಗಳನ್ನೂ ಪೂರ್ತಿ ಮಡಚಿ, ಚೂಪು ತುದಿ ದೋಣಿಯ ತಳದತ್ತ ತಿರುಗದಿರಲಿ. ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸಬೇಡಿ, ಪುಡಿಗಾಸಿನ ವಸ್ತು ಅದು.

ಅದಕ್ಕೂ ಮೊದಲು ಬ್ರಾಕೆಟ್ಟಿನ ತೂತನ್ನು ನೋಡಿ. ದುಂಡಗಿರಬೇಕಾದದ್ದು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬ್ರಾಕೆಟ್ಟನ್ನೇ ಬದಲಿಸಬೇಕು. ಪಿನ್ನನ್ನು ದೂರಿ ಫಲವಿಲ್ಲ. ರೋಲರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಬಿಗಿಯಾದರೆ ಪಿನ್ನನ್ನೂ ತನ್ನೊಡನೆ ತಿರುಗಿಸಿ ಸ್ಪ್ಲಿಟ್ ಪಿನ್ನನ್ನು ಸವೆಸುತ್ತದೆ. ರಬ್ಬರಿನದಾದರೆ ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬಬಹುದು. ಸಿಲಿಕೋನ್ ಗ್ರೀಸ್ ಹಚ್ಚಿ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಿರಿ.

ದೋಣಿ ನೀರಿನಲ್ಲಿರುವಾಗ, ಟ್ರೇಲರ್ ಖಾಲಿಯಿದ್ದಾಗಲೇ ಈ ಕೆಲಸ ಮಾಡಿ. ಭಾರ ಹೊತ್ತ ರೋಲರಿನ ಪಿನ್ ಬಡಿದು ತೆಗೆಯುವ ಧೈರ್ಯ ಬೇಡವೇ ಬೇಡ. ಇನ್ನೊಂದು: ರೋಲರ್ ಚೆನ್ನಾಗಿ ತಿರುಗತೊಡಗಿದ ಮೇಲೆ ದೋಣಿಯೂ ಸರ್ರನೆ ಜಾರುತ್ತದೆ. ಇಳಿಜಾರಿನಲ್ಲಿ ದೋಣಿಯ ಹಿಂಬದಿ ನೀರು ಮುಟ್ಟುವವರೆಗೆ ದೋಣಿ ಎಳೆಯುವ ರಾಟೆಯ, ಅಂದರೆ ವಿಂಚಿನ, ಕೊಂಡಿಯನ್ನಾಗಲಿ ಸರಪಳಿಯನ್ನಾಗಲಿ ಬಿಚ್ಚಬೇಡಿ.